ಬೀದರ್ ಸುತ್ತಲು ಶಟಲ್ ಬಸ್: ಬಸ್ ಕೊಳ್ಳುವ ಮೊದಲು ವಾಪಸ್ ಟ್ರಿಪ್ಪಿನ ಲೆಕ್ಕ ಹಾಕಿ

ಪ್ರಶ್ನೆ: ಬೀದರಿನಲ್ಲಿ ನನ್ನದು 14 ಕೋಣೆಗಳ ಸಣ್ಣ ಲಾಡ್ಜ್. ನಮ್ಮಂಥ ಏಳು ಮಂದಿ ಲಾಡ್ಜ್ ಮತ್ತು ಹೋಂಸ್ಟೇ ಮಾಲೀಕರು ಸೇರಿ ಪ್ರವಾಸಿಗರಿಗೆ ಒಂದು ಶಟಲ್ ಬಸ್ ಬಿಡಬೇಕು ಅಂತ ಮಾಡಿದ್ದೇವೆ. ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಬರೀದ್ ಶಾಹಿ ಗೋರಿಗಳು, ಗುರುದ್ವಾರ, ಗವಾನ್ ಮದರಸಾ, ಕೋಟೆ, ನರಸಿಂಹ ಝರಣಿ, ಅಷ್ಟೂರಿನ ಗುಂಬಜ್‌ಗಳು, ಹೀಗೆ ಎಂಟು ಜಾಗ ಸುತ್ತಿ ಬರುವ ಒಂದೇ ರೂಟು. 26 ಸೀಟಿನ ಸೆಕೆಂಡ್ ಹ್ಯಾಂಡ್ ಬಸ್ ನೋಡಿದ್ದೇವೆ. ಮುಂಗಡ ಕೊಡುವುದೊಂದೇ ಬಾಕಿ. ನಮ್ಮಲ್ಲೇ ಒಬ್ಬರು "ದುಡ್ಡು ತಗೊಳ್ಳದಿದ್ದರೆ ಪರ್ಮಿಟ್ಟೇ ಬೇಡ" ಅಂತಾರೆ. ಇನ್ನೊಬ್ಬರು "ತಲೆಗೆ 30 ರೂಪಾಯಿ ಇಟ್ಟರೆ ಬಸ್ಸಿನ ಕಂತು ತಾನೇ ತೀರುತ್ತೆ" ಅಂತಾರೆ. ಆಟೋದವರು ಜಗಳಕ್ಕೆ ಬಂದರೆ ಅನ್ನುವ ಹೆದರಿಕೆಯೂ ಇದೆ. ಮುಂದುವರಿಯಬಹುದಾ?

ಉತ್ತರ: ಮುಂಗಡ ಸದ್ಯ ಕೊಡಬೇಡಿ. ಯೋಚನೆ ಒಳ್ಳೆಯದೇ. ಆದರೆ ನೀವು ಬಸ್ಸಿನಿಂದ ಶುರು ಮಾಡಿದ್ದೀರಿ. ಶಟಲ್‌ನಲ್ಲಿ ಬಸ್ ಕೊನೆಗೆ ಬರುವ ವಿಷಯ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಒಟ್ಟಿಗೆ ಸೇರಿವೆ. ಒಂದು ಬಸ್ ಸಾಕಾಗುತ್ತಾ? ಕಾನೂನು ಏನು ಹೇಳುತ್ತೆ? ಊರಿನವರು, ಅದರಲ್ಲೂ ಆಟೋದವರು, ಒಪ್ಪುತ್ತಾರಾ? ನೀವು ಎರಡನೆಯದಕ್ಕೂ ಮೂರನೆಯದಕ್ಕೂ ಹೆದರಿದ್ದೀರಿ. ನನಗೆ ಹೆದರಿಕೆ ಇರುವುದು ಮೊದಲನೆಯದರ ಬಗ್ಗೆ. ನಾನು ಮೂವತ್ತು ವರ್ಷ ಬಸ್ಸುಗಳ ಶೆಡ್ಯೂಲ್ ಹಾಕುವ ಕೆಲಸ ಮಾಡಿದವನು. ಶಟಲ್‌ಗಳು ನಿಂತುಹೋಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಜಗಳದಿಂದ ನಿಂತದ್ದು ಕಡಿಮೆ. ಜಾಸ್ತಿ ನಿಂತದ್ದು ಕಾದು ಕಾದು ಬೇಸತ್ತ ಜನ ಬಸ್ಸನ್ನು ನಂಬುವುದನ್ನು ಬಿಟ್ಟಿದ್ದರಿಂದ.

ಮೊದಲು ಆ ಲೆಕ್ಕವನ್ನೇ ನೋಡೋಣ. ಇದು ನಿಮ್ಮ ಲಾಡ್ಜಿನ ಮೇಜಿನ ಮೇಲೇ ಮಾಡಬಹುದಾದ ಲೆಕ್ಕ.

ಬಸ್ಸು ಹೊರಟ ಜಾಗಕ್ಕೆ ಮರಳಿ ಬಂದು, ಮತ್ತೆ ಹೊರಡಲು ತಯಾರಾಗುವ ತನಕ ಹಿಡಿಯುವ ಸಮಯವನ್ನು ಒಂದು ಸುತ್ತು ಅನ್ನೋಣ. ನಿಮ್ಮ ಎಂಟು ಜಾಗದ ರೂಟಿನಲ್ಲಿ ಬಸ್ಸು ಓಡುವುದಕ್ಕೇ 70 ನಿಮಿಷ ಅಂತ ಇಟ್ಟುಕೊಳ್ಳಿ. ಎಂಟು ಕಡೆ ಎರಡೆರಡು ನಿಮಿಷ ನಿಂತರೆ 16 ನಿಮಿಷ. ಟ್ರಾಫಿಕ್, ರೈಲ್ವೆ ಗೇಟು, ಮೆರವಣಿಗೆ, ಡ್ರೈವರಿನ ಚಹಾ, ಇವಕ್ಕೆಲ್ಲ ಸೇರಿ ಇನ್ನೊಂದು 14 ನಿಮಿಷ. ಒಟ್ಟು 100 ನಿಮಿಷ. ಅಂದರೆ ಒಂದೇ ಬಸ್ಸಿದ್ದರೆ ಯಾವುದೇ ಸ್ಟಾಪಿಗೆ ಒಂದು ಗಂಟೆ ನಲವತ್ತು ನಿಮಿಷಕ್ಕೊಮ್ಮೆ ಬಸ್ಸು ಬರುತ್ತೆ. ಹೊತ್ತು ಗೊತ್ತಿಲ್ಲದೆ ಬಂದು ನಿಂತವರು ಸರಾಸರಿ 50 ನಿಮಿಷ ಕಾಯಬೇಕು. ಬಸ್ಸು ಈಗ ತಾನೇ ಹೋಗಿದ್ದರೆ ಪೂರ್ತಿ 100 ನಿಮಿಷ.

ಈಗ ಅಷ್ಟೂರನ್ನು ಕಣ್ಮುಂದೆ ತಂದುಕೊಳ್ಳಿ. ಬಹಮನಿ ಸುಲ್ತಾನರ ಗುಂಬಜ್‌ಗಳ ಸಾಲು, ಸುತ್ತ ಹೊಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ 50 ನಿಮಿಷ ಯಾರು ನಿಲ್ಲುತ್ತಾರೆ? ಒಂದು ಸಲ ನಿಂತವರು ರಾತ್ರಿ ನಿಮ್ಮ ಲಾಡ್ಜಿಗೆ ಬಂದು ಪಕ್ಕದ ಕೋಣೆಯವರಿಗೆ ಹೇಳುತ್ತಾರೆ: ಆ ಬಸ್ಸು ನಂಬಬೇಡಿ.

ಹಾಗಾದರೆ 20 ನಿಮಿಷಕ್ಕೊಂದು ಬಸ್ಸು ಬೇಕು ಅಂದರೆ? ಸುತ್ತಿನ ಸಮಯವನ್ನು ಅಂತರದಿಂದ ಭಾಗಿಸಿ. 100 ಭಾಗಿಸು 20, ಐದು ಬಸ್ಸು. ಒಂದು ಕೆಟ್ಟರೆ ಬದಲಿಗೆ ಇನ್ನೊಂದು, ಆರು. ಡ್ರೈವರುಗಳ ಲೆಕ್ಕ ಬೇರೆ. ಕಾನೂನಿನ ಪ್ರಕಾರ ಡ್ರೈವರಿನ ಕೆಲಸ ಸಾಧಾರಣವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಬೆಳಿಗ್ಗೆ 7ರಿಂದ ರಾತ್ರಿ 8ರ ತನಕ ಓಡಿಸಬೇಕಾದರೆ ದಿನಕ್ಕೆ ಎರಡು ಪಾಳಿ. ವಾರಕ್ಕೆ 14 ಪಾಳಿ. ಒಬ್ಬ ಮಾಡುವುದು ಆರು. ಆದ್ದರಿಂದ ಒಂದು ಬಸ್ಸಿಗೆ ಎರಡೂಕಾಲಿಗಿಂತ ಸ್ವಲ್ಪ ಜಾಸ್ತಿ ಡ್ರೈವರ್ ಬೇಕು. ಐದು ಬಸ್ಸಿಗೆ 12 ಮಂದಿ. ರಜೆ, ಜ್ವರ, ಮದುವೆ ಇವೆಲ್ಲ ಇದರ ಮೇಲೆ. ಒಬ್ಬನೇ ಡ್ರೈವರನ್ನು ಬೆಳಿಗ್ಗೆಯಿಂದ ರಾತ್ರಿ ತನಕ ಕೂರಿಸಿ ಓಡಿಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ನಿದ್ದೆಗೆಟ್ಟ ಡ್ರೈವರಿನಿಂದ ಆದ ಅಪಘಾತದ ಜಾಗಕ್ಕೆ ನಾನು ಹೋಗಿ ನಿಂತಿದ್ದೇನೆ. ಆ ಬೆಳಗು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಲೆಕ್ಕ ನೋಡಿ ಎದೆಗುಂದಬೇಡಿ. ತಪ್ಪಿರುವುದು ಶಟಲ್ ಅನ್ನುವ ಯೋಚನೆಯಲ್ಲಲ್ಲ, ಎಂಟು ಜಾಗದ ಉಂಗುರದಲ್ಲಿ. ಸುತ್ತುವ ರೂಟು ಕಾಗದದ ಮೇಲೆ ಚೆನ್ನಾಗಿ ಕಾಣುತ್ತೆ. ಒಂದೇ ಬಸ್ಸು ಎಲ್ಲವನ್ನೂ ಮುಟ್ಟುತ್ತೆ ಅಲ್ವಾ? ಆದರೆ ಕೂತವರ ಕಡೆಯಿಂದ ನೋಡಿ. ಅಷ್ಟೂರು ಮುಗಿಸಿದವರಿಗೆ ಎರಡು ಸ್ಟಾಪ್ ಹಿಂದಿರುವ ಕೋಟೆಗೆ ಹೋಗಬೇಕು. ಉಂಗುರದ ಬಸ್ಸು ಒಂದೇ ದಿಕ್ಕಿಗೆ ಹೋಗುವುದರಿಂದ ಅವರು ಊರೆಲ್ಲ ಸುತ್ತಿ ಬರಬೇಕು. ಇನ್ನೊಂದು ತೊಂದರೆ, ಉಂಗುರಕ್ಕೆ ತುದಿ ಇರುವುದಿಲ್ಲ. ತುದಿ ಇಲ್ಲದಿದ್ದರೆ ಬಸ್ಸು ನಿಂತು ಸುಧಾರಿಸಿಕೊಳ್ಳುವ ಜಾಗವೂ ಇಲ್ಲ. ಬೆಳಿಗ್ಗೆ ಹತ್ತು ನಿಮಿಷ ತಡವಾದದ್ದು ಸಂಜೆಗೆ ಮುಕ್ಕಾಲು ಗಂಟೆ ಆಗುತ್ತೆ.

ಎರಡು ಮೂರು ಬಸ್ಸಿದ್ದಾಗ ಈ ತಡ ಇನ್ನೊಂದು ರೂಪ ತಾಳುತ್ತೆ. ಮುಂದಿನ ಬಸ್ಸು ಐದು ನಿಮಿಷ ತಡವಾಯಿತು ಅಂದುಕೊಳ್ಳಿ. ಸ್ಟಾಪಿನಲ್ಲಿ ಆ ಐದು ನಿಮಿಷದಲ್ಲಿ ಬಂದವರೂ ಅದಕ್ಕೇ ಹತ್ತುತ್ತಾರೆ. ಹತ್ತಿಸಿಕೊಳ್ಳಲು ಮತ್ತಷ್ಟು ಹೊತ್ತು. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬರುತ್ತೆ. ಕೊನೆಗೆ ಎರಡೂ ಬಸ್ಸು ಒಂದರ ಹಿಂದೆ ಒಂದು. ಮುಂದಿನದು ತುಂಬಿ ತುಳುಕುತ್ತೆ, ಹಿಂದಿನದು ಖಾಲಿ. ಜನ "ಡ್ರೈವರುಗಳು ಮಾತಾಡಿಕೊಂಡು ಜೋಡಿಯಾಗಿ ಬರ್ತಾರೆ" ಅಂತ ಬೈಯುತ್ತಾರೆ. ಪಾಪ, ಅವರ ತಪ್ಪಲ್ಲ. ಇದಕ್ಕೆ ಮದ್ದು ಒಂದೇ: ರೂಟಿನ ಎರಡೂ ತುದಿಯಲ್ಲಿ ಐದಾರು ನಿಮಿಷ ಬಿಡುವು ಇಡಬೇಕು. ಎಷ್ಟು ತಡವಾಗಿ ಬಂದರೂ ಹೊರಡುವುದು ಹೇಳಿದ ಹೊತ್ತಿಗೆ.

ಹಾಗಾದರೆ ಬೀದರಿಗೆ ಯಾವ ರೂಟು? ನಕ್ಷೆ ತೆಗೆದು ನೋಡಿ. ಹಳೆ ಊರಿನ ನಡುವಿನ ಕಾವಲು ಗೋಪುರ ಚೌಬಾರದಿಂದ ಮದರಸಾ, ಅಲ್ಲಿಂದ ಕೋಟೆ, ಇದು ಕಾಲ್ನಡಿಗೆಯ ದಾರಿ. ನಡೆದರೇ ಆ ಹಳೆ ಪೇಟೆ ಕಣ್ಣಿಗೆ ಬೀಳುವುದು, ಬಿದ್ರಿ ಕೆಲಸದವರ ಅಂಗಡಿಯ ಮುಂದೆ ಎರಡು ನಿಮಿಷ ನಿಲ್ಲುವುದು. ಅಲ್ಲಿಗೆ ಬಸ್ಸು ನುಗ್ಗಿಸುವುದರಿಂದ ಯಾರಿಗೂ ಲಾಭವಿಲ್ಲ. ಚೌಬಾರದ ಸುತ್ತ ಸಂಜೆ ಎಷ್ಟು ಗದ್ದಲ ಇರುತ್ತೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಳೆ ಊರಿನ ದರವಾಜೆಗಳನ್ನು ಕಟ್ಟಿದ್ದು ಬಸ್ಸಿಗಾಗಿ ಅಲ್ಲ. ದೊಡ್ಡ ಬಸ್ಸು ಒಂದೇ ಸಲಕ್ಕೆ ಪೂರ್ತಿ ತಿರುಗಲು 24 ಮೀಟರಿನಷ್ಟು ಅಗಲ ಬೇಕಾಗುತ್ತೆ. ಮಿಡಿ ಬಸ್ಸಿಗೆ, ಅಂದರೆ ಮಧ್ಯಮ ಗಾತ್ರದ ಬಸ್ಸಿಗೆ, ಅದಕ್ಕಿಂತ ಕಡಿಮೆ ಸಾಕು. ಆದರೂ ಟೇಪು ಹಿಡಿದು ಅಳತೆ ಮಾಡದೆ ಯಾವ ಬಸ್ಸನ್ನೂ ಕೊಳ್ಳಬೇಡಿ.

ಬರೀದ್ ಶಾಹಿ ಗೋರಿಗಳು ಉದ್‌ಗೀರ್ ರಸ್ತೆಯಲ್ಲೇ ಇವೆ. ಬಸ್ ಸ್ಟ್ಯಾಂಡಿಗೆ ಬಂದವರು ನಡೆದೇ ಹೋಗಬಹುದು. ಝರಣಿಯದು ಬೇರೆ ಕಥೆ. ಅಲ್ಲಿ ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ಸುಮಾರು 300 ಮೀಟರ್ ನಡೆದು ನರಸಿಂಹನ ದರ್ಶನ ಮಾಡಬೇಕು. ಸರತಿ ಒಂದು ದಿನ ಕಾಲು ಗಂಟೆ, ಇನ್ನೊಂದು ದಿನ ಎರಡು ಗಂಟೆ. ಹೊರಗೆ ಬಂದವರ ಬಟ್ಟೆ ಪೂರ್ತಿ ಒದ್ದೆ. ಹೊತ್ತು ಹೇಳಲಾಗದ ಜಾಗವನ್ನು ಶೆಡ್ಯೂಲಿನ ನಡುವೆ ಇಟ್ಟರೆ ಇಡೀ ಶೆಡ್ಯೂಲೇ ಕೆಡುತ್ತೆ. ಝರಣಿಗೆ ಆಟೋ ಸರಿ. ಬಸ್ಸೇ ಬೇಕು ಅಂದರೆ ದಿನದ ಕೊನೆಯ ಟ್ರಿಪ್ಪಿನಲ್ಲಿ ಇಡಿ. ಸೀಟಿಗೆ ರೆಕ್ಸಿನ್ ಹಾಕಿಸಿ, ಬಟ್ಟೆಯ ಕವರ್ ಬೇಡ.

ಉಳಿದದ್ದು ಗುರುದ್ವಾರ, ಬಸ್ ಸ್ಟ್ಯಾಂಡ್, ಕೋಟೆ, ಅಷ್ಟೂರು. ನನ್ನ ಪ್ರಕಾರ ನಿಮ್ಮ ಶಟಲ್‌ನ ಜೀವ ಇರುವುದು ಅಷ್ಟೂರಿನಲ್ಲಿ. ಕೋಟೆಯ ಮುಂದೆ ಆಟೋ ಸಿಗುತ್ತೆ. ಮದರಸಾದ ಮುಂದೆಯೂ ಸಿಗುತ್ತೆ. ಊರಿಂದ ಪೂರ್ವಕ್ಕೆ ಮೂರು ನಾಲ್ಕು ಕಿಲೋಮೀಟರ್ ದೂರದ ಅಷ್ಟೂರಿಗೆ ಆಟೋ ಹೋಗುತ್ತೆ, ಆದರೆ ವಾಪಸ್ ಬರಲು ಸಿಗುವುದು ಕಷ್ಟ. ಆ ಹೆದರಿಕೆಯಿಂದಲೇ ಎಷ್ಟೋ ಜನ ಕೋಟೆ ನೋಡಿ ಹೊರಟುಬಿಡುತ್ತಾರೆ. ಅಹ್ಮದ್ ಶಾ ವಲಿಯ ಗುಂಬಜ್‌ನ ಒಳಗಿನ ಬಣ್ಣದ ಚಿತ್ತಾರ ನೋಡದೆ, ದಾರಿಯಲ್ಲೇ ಸಿಗುವ ಸೂಫಿ ಸಂತ ಖಲೀಲುಲ್ಲಾನ ಗೋರಿ ಚೌಖಂಡಿಯ ಮೆಟ್ಟಿಲು ಹತ್ತದೆ ಹೋಗುತ್ತಾರೆ. ನನಗೆ ಇದು ನಿಜವಾಗಿ ಬೇಸರದ ವಿಷಯ. ಗುಲ್ಬರ್ಗದಿಂದ ರಾಜಧಾನಿಯನ್ನು ಬೀದರಿಗೆ ತಂದ ದೊರೆ ಈ ಅಹ್ಮದ್ ಶಾ. ಅವನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಅಂತಲೂ ಹಿಂದೂಗಳು ಅಲ್ಲಮಪ್ರಭು ಅಂತಲೂ ನಡೆದುಕೊಳ್ಳುತ್ತಾರೆ. ಉರುಸಿನಲ್ಲಿ ಜಂಗಮರು ಮುಂದೆ ನಿಲ್ಲುತ್ತಾರೆ. ಇಂಥ ಜಾಗವನ್ನು ಬರೀ ವಾಪಸ್ ಗಾಡಿ ಇಲ್ಲ ಅನ್ನುವ ಕಾರಣಕ್ಕೆ ಬಿಟ್ಟು ಹೋಗುವುದು ಅಂದರೆ!

ಈ ರೂಟು ಎರಡೂ ದಿಕ್ಕಿಗೆ ಓಡಲಿ. ಒಂದು ತುದಿ ಗುರುದ್ವಾರ, ಇನ್ನೊಂದು ಅಷ್ಟೂರು. ಬಿಡುವೂ ಸೇರಿ ಸುತ್ತು 60 ನಿಮಿಷಕ್ಕೆ ಬಂದರೆ ಎರಡೇ ಬಸ್ಸಿನಲ್ಲಿ ಅರ್ಧ ಗಂಟೆಗೊಂದು ಟ್ರಿಪ್ ಕೊಡಬಹುದು. ಡ್ರೈವರುಗಳು ಐದು ಮಂದಿ. ಅರ್ಧ ಗಂಟೆಯ ಅಂತರಕ್ಕೆ ಇನ್ನೊಂದು ಲಾಭವಿದೆ. ಕೋಟೆಯಿಂದ ಪ್ರತಿ ಗಂಟೆಯ 10ಕ್ಕೆ ಮತ್ತು 40ಕ್ಕೆ ಅಂತ ಇಟ್ಟರೆ ಯಾರೂ ವೇಳಾಪಟ್ಟಿ ನೋಡಬೇಕಿಲ್ಲ, ಬಾಯಲ್ಲೇ ಉಳಿಯುತ್ತೆ. 25 ನಿಮಿಷ, 35 ನಿಮಿಷ ಅಂತ ಇಟ್ಟರೆ ಈ ಅನುಕೂಲ ಹೋಗುತ್ತೆ. 60 ನಿಮಿಷದಲ್ಲಿ ಆಗುತ್ತೋ ಇಲ್ಲವೋ ಅನ್ನುವುದನ್ನು ಗೂಗಲ್ ಮ್ಯಾಪ್ ನೋಡಿ ತೀರ್ಮಾನಿಸಬೇಡಿ. ಆಟೋ ಹತ್ತಿ ಗಡಿಯಾರ ಹಿಡಿದು ಮೂರು ಸಲ ಓಡಾಡಿ: ಭಾನುವಾರ ಬೆಳಿಗ್ಗೆ ಒಮ್ಮೆ, ವಾರದ ದಿನ ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ. ಮೂರರಲ್ಲಿ ಜಾಸ್ತಿ ಬಂದದ್ದನ್ನು ಹಿಡಿಯಿರಿ.

ಈಗ ವಾಪಸ್ ಟ್ರಿಪ್ಪಿನ ಮಾತು. ಇದನ್ನು ನಾನು ಕಷ್ಟಪಟ್ಟು ಕಲಿತೆ. ಬಹಳ ವರ್ಷದ ಹಿಂದೆ ನಮ್ಮ ಭಾಗದ ಒಂದು ಜಾತ್ರೆಗೆ ಶಟಲ್ ಶೆಡ್ಯೂಲ್ ಹಾಕಿದ್ದೆ. ಬೆಳಿಗ್ಗೆಯಿಂದ ಸಂಜೆ ತನಕ ಜನ ಸಣ್ಣ ಸಣ್ಣ ಗುಂಪಾಗಿ ಬಂದರು. ಬಸ್ಸುಗಳು ಚೆನ್ನಾಗಿ ಓಡಿದವು. ಖುಷಿಯಾಗಿದ್ದೆ. ತೇರು ಎಳೆದು ಮುಗಿದ ಮೇಲೆ ದಿನವಿಡೀ ಬಂದವರೆಲ್ಲ ಅರ್ಧ ಗಂಟೆಯಲ್ಲಿ ಸ್ಟಾಪಿಗೆ ಬಂದು ನಿಂತರು. ನನ್ನ ಹತ್ತಿರ ಅದೇ ನಾಲ್ಕು ಬಸ್ಸು. ರಾತ್ರಿ ಹನ್ನೊಂದಾದರೂ ಜನ ಕರಗಲಿಲ್ಲ. ಒಬ್ಬ ಮುದುಕಿ ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ನನ್ನ ಸಮವಸ್ತ್ರ ನೋಡಿ, "ತಂದು ಬಿಟ್ಟೋರು ನೀವೇ, ಹೊಳ್ಳಿ ಒಯ್ಯೋರು ಯಾರಪ್ಪಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ನನ್ನದೇ. ಹೋಗುವ ಜನ ಹನಿ ಹನಿಯಾಗಿ ಹೋಗುತ್ತಾರೆ, ಬರುವ ಜನ ಹೊಳೆಯಾಗಿ ಬರುತ್ತಾರೆ ಅನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಪ್ರವಾಸಿ ಜಾಗದಲ್ಲೂ ಹಾಗೇ. ಕೋಟೆಗೆ ಜನ ಬೆಳಿಗ್ಗೆಯಿಂದ ಬರುತ್ತಲೇ ಇರುತ್ತಾರೆ. ಹೊರಗೆ ಬರುವುದು ಬಿಸಿಲೇರಿ ಹಸಿವಾದಾಗ, ಇಲ್ಲ ಸಂಜೆ ಬಾಗಿಲು ಹಾಕುವ ಹೊತ್ತಿಗೆ. ಆ ಎರಡು ಹೊತ್ತಿಗೆ ಬಸ್ಸು ಜಾಸ್ತಿ ಇರಬೇಕು. ಬೆಳಿಗ್ಗೆ ಒಂದು ಸೀಟು ಖಾಲಿ ಹೋದರೂ ನಡೆಯುತ್ತೆ. ಕೊನೆಯ ಬಸ್ಸಂತೂ ದೊಡ್ಡ ಜವಾಬ್ದಾರಿ. ಅಷ್ಟೂರಿನ ಕೊನೆಯ ಬಸ್ಸು ಒಬ್ಬರೇ ಇದ್ದರೂ ಹೋಗಬೇಕು, ಯಾರೂ ಇಲ್ಲದಿದ್ದರೂ ಹೋಗಿ ನೋಡಿಕೊಂಡು ಬರಬೇಕು. ಅದು ತುಂಬಿದ್ದರೆ, ಉಳಿದವರಿಗೆ ನಿಮ್ಮ ಖರ್ಚಿನಲ್ಲೇ ಆಟೋ ಕಳಿಸಬೇಕು. ಇದಕ್ಕೆ ದುಡ್ಡು ಮೊದಲೇ ಎತ್ತಿಡಿ. ಇದು ದಂಡದ ಖರ್ಚಲ್ಲ. ವಾಪಸ್ ಬಸ್ಸು ಇದ್ದೇ ಇರುತ್ತೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಜನ ಬೆಳಿಗ್ಗೆ ನಿಮ್ಮ ಬಸ್ಸು ಹತ್ತುವುದು.

ಇನ್ನು ಕಾನೂನು. "ದುಡ್ಡು ತಗೊಳ್ಳದಿದ್ದರೆ ಪರ್ಮಿಟ್ ಬೇಡ" ಅನ್ನುವುದು ಬಹಳ ಕಡೆ ಕೇಳಿಬರುವ ಮಾತು. ಅದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ನಿಮಗೆ ಸಂಬಂಧಪಟ್ಟ ಮೂರು ಬಗೆಯ ಗಾಡಿಗಳಿವೆ.

ಒಂದು, ಸ್ಟೇಜ್ ಕ್ಯಾರೇಜ್. ದಾರಿಯಲ್ಲಿ ಹತ್ತಿಸಿ ಇಳಿಸುತ್ತ, ಒಬ್ಬೊಬ್ಬರಿಗೆ ಬೇರೆ ಬೇರೆ ಟಿಕೆಟ್ ಕೊಡುವ ಬಸ್ಸು. ನಮ್ಮ ಕೆಂಪು ಬಸ್ಸಿನ ಹಾಗೆ. ಇಲ್ಲಿ ಕಾಯ್ದೆಯ ಒಂದು ಮಾತನ್ನು ಗಮನಿಸಿ. ದುಡ್ಡನ್ನು ಪ್ರಯಾಣಿಕರು ಕೊಟ್ಟರೂ ಅಷ್ಟೇ, ಅವರ ಪರವಾಗಿ ಬೇರೆಯವರು ಕೊಟ್ಟರೂ ಅಷ್ಟೇ. ಅತಿಥಿಯಿಂದ ಪೈಸೆ ತಗೊಳ್ಳದೆ, ತಲೆಗೆ ಇಷ್ಟು ಅಂತ ಲಾಡ್ಜಿನವರು ಬಸ್ಸಿನವರಿಗೆ ಕೊಟ್ಟರೂ ಅದು ಈ ಬಗೆಗೇ ಬರಬಹುದು. ಇದಕ್ಕೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಪರ್ಮಿಟ್ ಬೇಕು. ರಾಷ್ಟ್ರೀಕರಣವಾದ, ಅಂದರೆ ಸರ್ಕಾರಿ ಬಸ್ಸಿಗೆ ಮೀಸಲಾದ, ರೂಟುಗಳಲ್ಲಿ ಖಾಸಗಿಯವರಿಗೆ ಅದು ಸಿಗುವುದು ಬಹಳ ಕಷ್ಟ. ತಲೆಗೆ 30 ರೂಪಾಯಿಯ ಯೋಚನೆ ಇಲ್ಲೇ ಮುಗ್ಗರಿಸುತ್ತೆ.

ಎರಡು, ಕಾಂಟ್ರ್ಯಾಕ್ಟ್ ಕ್ಯಾರೇಜ್. ಮದುವೆಗೆ, ಟೂರಿಗೆ ಇಡೀ ಗಾಡಿ ಬಾಡಿಗೆಗೆ ತಗೊಳ್ಳುತ್ತೀರಲ್ಲ, ಆ ಬಗೆ. ಒಂದು ಒಪ್ಪಂದ, ಒಟ್ಟು ಬಾಡಿಗೆ, ಪ್ರಯಾಣಿಕರ ಪಟ್ಟಿ. ಪಟ್ಟಿಯಲ್ಲಿ ಇಲ್ಲದವರನ್ನು ದಾರಿಯಲ್ಲಿ ಹತ್ತಿಸಿಕೊಳ್ಳುವಂತಿಲ್ಲ. ಕೋಟೆಯ ಮುಂದೆ ಕೈ ಮಾಡಿದ ಪರ ಊರಿನವರನ್ನು ಕರುಣೆಯಿಂದ ಹತ್ತಿಸಿಕೊಂಡರೂ ಷರತ್ತು ಮುರಿದ ಹಾಗೆಯೇ.

ಮೂರು, ಮಾಲೀಕರು ತಮ್ಮ ವ್ಯಾಪಾರಕ್ಕಾಗಿ ಬಾಡಿಗೆ ಇಲ್ಲದೆ ಜನರನ್ನು ಒಯ್ಯುವ ಸ್ವಂತ ವಾಹನ. ಡ್ರೈವರನ್ನು ಬಿಟ್ಟು ಆರು ಮಂದಿಗಿಂತ ಜಾಸ್ತಿ ಹಿಡಿಸುವ ಗಾಡಿಯಾದರೆ ಇದಕ್ಕೂ ಪರ್ಮಿಟ್ ಇದೆ. ಉಚಿತ ಅಂದ ಮಾತ್ರಕ್ಕೆ ಪರ್ಮಿಟ್ ಬೇಡ ಅನ್ನುವ ವಾದ ಬೀಳುವುದು ಇಲ್ಲೇ. ಒಂದು ದೊಡ್ಡ ಹೋಟೆಲು ತನ್ನ ಅತಿಥಿಗಳಿಗೆ ಮಾತ್ರ ಗಾಡಿ ಇಟ್ಟರೆ ಈ ಬಗೆಗೆ ಹೊಂದುತ್ತೆ. ಏಳು ಮಾಲೀಕರು, ಒಂದು ಬಸ್ಸು, ಖರ್ಚು ಹಂಚಿಕೆ, ಇದು ಅಷ್ಟು ಸಲೀಸಾಗಿ ಕೂರುವುದಿಲ್ಲ. ನೀವು ಒಂದು ಸಂಘವನ್ನೋ ಸಂಸ್ಥೆಯನ್ನೋ ನೋಂದಾಯಿಸಿ, ಯೋಜನೆಯನ್ನು ಬರೆದು ಆರ್‌ಟಿಓ ಕಚೇರಿಗೆ ಕೊಟ್ಟು, ಯಾವ ಬಗೆಯ ಪರ್ಮಿಟ್ ಅನ್ನುವುದನ್ನು ಬರವಣಿಗೆಯಲ್ಲೇ ಕೇಳಿ ತಗೊಳ್ಳಿ. ಬಾಯಿಮಾತಿನ "ನಡೀತದೆ ಬಿಡ್ರಿ" ನಂಬಬೇಡಿ.

ಇಷ್ಟು ಒತ್ತಿ ಹೇಳುವುದು ದಂಡದ ಹೆದರಿಕೆಯಿಂದ ಅಲ್ಲ. ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅಪಘಾತವಾದರೆ? ಗಾಡಿಯನ್ನು ಪರ್ಮಿಟ್ಟಿಗೆ ವಿರುದ್ಧವಾಗಿ ಓಡಿಸಿದ್ದರೆ ವಿಮಾ ಕಂಪನಿ ಹಣ ಕೊಡಲು ತಕರಾರು ತೆಗೆಯುತ್ತೆ. ಗಾಯಗೊಂಡವರಿಗೆ ಕಂಪನಿ ಮೊದಲು ಕೊಟ್ಟು, ನಂತರ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಆದೇಶ ಆದ ಪ್ರಕರಣಗಳಿವೆ. ಅಂಥ ಒಂದು ಆದೇಶ ಬಂದರೆ 14 ಕೋಣೆಯ ಲಾಡ್ಜು ಉಳಿಯುವುದಿಲ್ಲ.

ಉಚಿತ ಬೇಕಾ, ದುಡ್ಡು ಬೇಕಾ ಅನ್ನುವುದಕ್ಕೆ ನಮ್ಮ ಕಡೆ ಇನ್ನೊಂದು ಲೆಕ್ಕವೂ ಸೇರುತ್ತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ಹೆಣ್ಣುಮಕ್ಕಳು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಉಚಿತವಾಗಿ ಹೋಗುತ್ತಾರೆ. ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬಂದ ಕುಟುಂಬದಲ್ಲಿ ಮೂವರು ಹೆಂಗಸರಿದ್ದರೆ, ಕೆಂಪು ಬಸ್ಸು ಸಿಗುವ ಕಡೆ ಅವರು ನಿಮಗೆ ತಲಾ 30 ಯಾಕೆ ಕೊಡುತ್ತಾರೆ? ಹೈದರಾಬಾದಿನಿಂದ, ಮಹಾರಾಷ್ಟ್ರದಿಂದ, ಪಂಜಾಬಿನಿಂದ ಬಂದವರಿಗೆ ಆ ಸೌಲಭ್ಯವಿಲ್ಲ. ಆದರೆ ಹೈದರಾಬಾದಿನವರಲ್ಲಿ ಬಹಳ ಮಂದಿ ಕಾರಿನಲ್ಲೇ ಬರುತ್ತಾರೆ. ಕಾರು ಕೋಟೆಯ ತನಕ ಹೋಗುವಾಗ ಅದನ್ನು ಬಿಟ್ಟು ಬಸ್ಸು ಹತ್ತುವುದಿಲ್ಲ.

"ಹಂಪಿಯಲ್ಲಿ ನಡೆಯುತ್ತಲ್ಲ, ತಿರುಮಲದಲ್ಲಿ ನಡೆಯುತ್ತಲ್ಲ" ಅನ್ನುವವರಿಗೆ ಇದೇ ಉತ್ತರ. ಹಂಪಿಯ ವಿಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ನಡೆಯುವುದು ನಮ್ಮ ಕಾರನ್ನು ದೂರದಲ್ಲೇ ನಿಲ್ಲಿಸುವುದರಿಂದ. ಅಮೆರಿಕದ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿ 2000ದಿಂದ ಶಟಲ್ ಬಸ್ಸು ಇದೆ. ಬಸ್ಸು ಓಡುವ ತಿಂಗಳುಗಳಲ್ಲಿ ಕಣಿವೆಯ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ. ತಿರುಮಲದ ಉಚಿತ ಧರ್ಮರಥ ಬಸ್ಸುಗಳಿಗೆ ಬೆಟ್ಟದ ಮೇಲೆ ದಿನವಿಡೀ ಕಾಲ್ನಡಿಗೆಯ ಜನ ಇದ್ದೇ ಇರುತ್ತಾರೆ. ಬೀದರಿನಲ್ಲಿ ಕಾರು ತಡೆಯುವ ಅಧಿಕಾರ ನಿಮಗಿಲ್ಲ. ಆದ್ದರಿಂದ ನಿಮ್ಮ ಗಿರಾಕಿ ಕಾರಿಲ್ಲದೆ ಬಂದವರು ಮಾತ್ರ: ರಾತ್ರಿ ರೈಲಿಗೆ ಬಂದವರು, ಬಸ್ಸಿಗೆ ಬಂದವರು, ಗುರುದ್ವಾರದ ಯಾತ್ರಿಕರು. ನಿಮ್ಮ ಏಳೂ ಲಾಡ್ಜಿನಲ್ಲಿ ಅಂಥವರು ದಿನಕ್ಕೆ ಎಷ್ಟು? ಶನಿವಾರ ಎಷ್ಟು, ಮಂಗಳವಾರ ಎಷ್ಟು? ನಿಮ್ಮ ಪತ್ರದಲ್ಲಿ ಈ ಸಂಖ್ಯೆ ಇಲ್ಲ. ನಾನು ಮೊದಲು ಹುಡುಕಿದ್ದು ಅದನ್ನೇ.

ಈಗ ನಿಮ್ಮ ಮುಂದಿರುವ ದಾರಿಗಳು.

ಸದ್ಯಕ್ಕೆ ಸರಿ ಅನ್ನಿಸುವುದು ಬಾಡಿಗೆ ಗಾಡಿ. ಏಳೂ ಮಂದಿ ಸೇರಿ, ಪರ್ಮಿಟ್ ಇರುವ ಒಂದು ಟೆಂಪೊ ಟ್ರಾವೆಲರನ್ನು ಶನಿವಾರ, ಭಾನುವಾರ ಮತ್ತು ರಜೆ ದಿನಗಳಿಗೆ ಮಾತ್ರ ಒಪ್ಪಂದಕ್ಕೆ ತಗೊಳ್ಳಿ. ಸುತ್ತುತ್ತಲೇ ಇರುವ ಶಟಲ್ ಬೇಡ, ಹೊತ್ತು ಕಟ್ಟಿದ ಟ್ರಿಪ್ ಇರಲಿ. ಬೆಳಿಗ್ಗೆ ಎಂಟಕ್ಕೆ ಲಾಡ್ಜುಗಳಿಂದ ಅಷ್ಟೂರು, ಬಿಸಿಲೇರುವ ಮೊದಲು ಅಲ್ಲಿಂದ ಚೌಖಂಡಿ, ಹತ್ತರ ಹೊತ್ತಿಗೆ ಕೋಟೆ, ಹನ್ನೆರಡೂವರೆಗೆ ಕೋಟೆಯಿಂದ ವಾಪಸ್. ಕೋಟೆಗೆ ಎರಡು ಗಂಟೆಯಾದರೂ ಬೇಕು. ಗುಂಬದ್ ದರವಾಜೆ, ರಂಗೀನ್ ಮಹಲು, ಸೋಲಾ ಕಂಬ ಮಸೀದಿ ನೋಡುವಷ್ಟರಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಿಂದಿನ ರಾತ್ರಿಯೇ ಹೆಸರು ಬರೆದುಕೊಳ್ಳಿ, ಅದೇ ನಿಮ್ಮ ಪ್ರಯಾಣಿಕರ ಪಟ್ಟಿ. ಖರ್ಚನ್ನು ಕೋಣೆಗಳ ಲೆಕ್ಕದಲ್ಲಿ ಹಂಚಿಕೊಳ್ಳಿ, ತಲೆ ಲೆಕ್ಕದಲ್ಲಿ ಬೇಡ. ಅಪಾಯ ಏನೆಂದರೆ ಗಾಡಿ ಖಾಲಿ ಹೋದ ದಿನವೂ ಬಾಡಿಗೆ ಕೊಡಬೇಕು. ಜತೆಗೆ, ಮದುವೆ ಸೀಸನ್ನಿನಲ್ಲಿ ಗಾಡಿಯವರು ಜಾಸ್ತಿ ಬಾಡಿಗೆ ಸಿಕ್ಕ ಕಡೆ ಹೋಗಿಬಿಡಬಹುದು. ಒಪ್ಪಂದದಲ್ಲೇ ಬದಲಿ ಗಾಡಿಯ ಮಾತು ಬರೆಸಿ.

ದೊಡ್ಡದಾಗಿ ಮಾಡಬೇಕು ಅನ್ನುವುದಾದರೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಾಗಿಲು ತಟ್ಟಿ. ಗುರುದ್ವಾರ, ಕೋಟೆ, ಅಷ್ಟೂರು ರೂಟಿಗೆ ನಗರ ಸಾರಿಗೆ ಬಸ್ಸು ಕೇಳಿ. ಸ್ಟೇಜ್ ಕ್ಯಾರೇಜ್ ಪರ್ಮಿಟ್, ಡ್ರೈವರ್, ಬದಲಿ ಬಸ್ಸು, ವಿಮೆ ಎಲ್ಲ ಅವರದೇ. ಡಿಪೋ ಮ್ಯಾನೇಜರ್ ಕೇಳುವುದು ಒಂದೇ ಪ್ರಶ್ನೆ: ಕಿಲೋಮೀಟರಿಗೆ ಗಳಿಕೆ ಎಷ್ಟು? ಅದಕ್ಕೆ ನೀವು ಉತ್ತರ ಒಯ್ಯಬೇಕು. ಪ್ರವಾಸಿಗರನ್ನು ಮಾತ್ರ ನಂಬಿದ ಬಸ್ಸು ಮಂಗಳವಾರ ಖಾಲಿ ಓಡುತ್ತೆ. ಅದೇ ಬಸ್ಸಿಗೆ ಅಷ್ಟೂರಿನ ಮಕ್ಕಳು ಶಾಲೆಗೆ, ಹೆಂಗಸರು ಸಂತೆಗೆ ಬಂದರೆ ವಾರವಿಡೀ ಜನ ಇರುತ್ತಾರೆ. ಊರಿನವರು ಹತ್ತುವ ಬಸ್ಸಿಗೆ ಊರಿನವರೇ ಕಾವಲು, ನಿಲ್ಲಿಸಲು ಬಿಡುವುದಿಲ್ಲ. ಅಷ್ಟೂರಿನ ಗ್ರಾಮ ಪಂಚಾಯಿತಿಯವರನ್ನೂ ಮನವಿಯಲ್ಲಿ ಸೇರಿಸಿಕೊಳ್ಳಿ. ಕೊರತೆ ಬಿದ್ದಷ್ಟನ್ನು ಆರು ತಿಂಗಳು ನಾವು ತುಂಬುತ್ತೇವೆ ಅಂತ ನೀವು ಏಳು ಮಂದಿ ಬರೆದುಕೊಟ್ಟರೆ ಮಾತಿಗೆ ತೂಕ ಬರುತ್ತೆ. ಇಲ್ಲಿಯ ತೊಂದರೆ, ಜಾತ್ರೆ, ಚುನಾವಣೆ ಬಂದಾಗ ಬಸ್ಸುಗಳನ್ನು ಅಲ್ಲಿಗೆ ಒಯ್ಯುತ್ತಾರೆ. ನಾನೂ ಒಯ್ದಿದ್ದೇನೆ, ಆಗ ಬೇರೆ ದಾರಿ ಇರುವುದಿಲ್ಲ. ಆ ದಿನಗಳಿಗೆ ನಿಮ್ಮ ಹತ್ತಿರ ಬಾಡಿಗೆ ಗಾಡಿಯ ಏರ್ಪಾಡು ಇರಬೇಕು.

ಸ್ವಂತ ಬಸ್ಸು ಕೊನೆಯ ದಾರಿ. ಕಂತು, ವಿಮೆ, ತೆರಿಗೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ), ಡ್ರೈವರಿನ ಸಂಬಳ, ಇವು ಗಾಡಿ ನಿಂತಿದ್ದರೂ ಬರುವ ಖರ್ಚು. ಡೀಸೆಲ್, ಟೈರು ಓಡಿದಷ್ಟಕ್ಕೆ. ವಾರದಲ್ಲಿ ಎರಡೇ ದಿನ ತುಂಬುವ ಗಾಡಿಗೆ ಏಳು ದಿನದ ಖರ್ಚು ಹೊರುವುದು ಸಣ್ಣ ಲಾಡ್ಜುಗಳ ಕೈಲಾಗುವ ಮಾತಲ್ಲ. ಸೆಕೆಂಡ್ ಹ್ಯಾಂಡ್ ಬಸ್ಸಾದರೆ ಕೆಟ್ಟು ನಿಲ್ಲುವ ದಿನಗಳನ್ನೂ ಸೇರಿಸಿ. ಕರೆಂಟಿನ ಬಸ್ಸಿನ ಬಗ್ಗೆ ಯಾರಾದರೂ ಹೇಳಿದರೆ, ಸಣ್ಣ ರೂಟಿಗೆ ಅದು ಚೆನ್ನಾಗಿಯೇ ಹೊಂದುತ್ತೆ. ಆದರೆ ಅದು ಎರಡು ವರ್ಷದ ನಂತರದ ಮಾತು.

ಆಟೋದವರ ವಿಷಯ. ಅವರನ್ನು ಕೊನೆಗೆ ಸಮಾಧಾನ ಮಾಡುವ ಬದಲು ಮೊದಲೇ ಕರೆದು ಕೂರಿಸಿಕೊಳ್ಳಿ. ಅವರ ಹೊಟ್ಟೆಪಾಡಿನ ಭಯ ನಿಜವಾದದ್ದು. ನೀವು ಎಂಟೂ ಜಾಗಕ್ಕೆ ಬಸ್ಸು ಬಿಡುತ್ತೇವೆ ಅಂದರೆ ಅವರ ದಿನದ ದುಡಿಮೆಗೇ ಕೈ ಹಾಕಿದ ಹಾಗೆ. ಆದರೆ ನಾನು ಹೇಳಿದ ಹಾಗೆ ಝರಣಿ, ಸ್ಟೇಷನ್ನಿನಿಂದ ಲಾಡ್ಜು, ರಾತ್ರಿಯ ಓಡಾಟ, ಕೊನೆ ಬಸ್ಸು ತಪ್ಪಿದವರು, ಇವೆಲ್ಲ ಅವರಿಗೇ ಬಿಟ್ಟರೆ ಮಾತುಕತೆಗೆ ಜಾಗ ಇದೆ. ಸ್ಟ್ಯಾಂಡಿನ ಹಿರಿಯರ ಜತೆ ಕೂತು, ಜಾಗಕ್ಕೆ ಇಷ್ಟು, ಕಾಯುವುದಕ್ಕೆ ಇಷ್ಟು ಅಂತ ದರ ಮಾತಾಡಿ ಲಾಡ್ಜಿನ ಗೋಡೆಗೆ ಅಂಟಿಸಿ. ಒಂದು ಮಾತು ಹೇಳಲೇಬೇಕು: ನಿಮ್ಮ ಎಣಿಕೆಯಲ್ಲಿ ಅಷ್ಟೂರಿಗೆ ಹೋಗುವವರು ದಿನಕ್ಕೆ ಹತ್ತು ಹನ್ನೆರಡೇ ಅಂತ ಬಂದರೆ, ನಿಮಗೆ ಬಸ್ಸೇ ಬೇಡ. ಕಾದು ವಾಪಸ್ ಕರೆತರುವ ನಾಲ್ಕು ಆಟೋಗಳ ಒಪ್ಪಂದ ಸಾಕು. ಅದು ಸೋಲಲ್ಲ. ಬಂದವರು ಅಷ್ಟೂರು ನೋಡಿದರಲ್ಲ, ಕೆಲಸ ಆಯಿತು.

ಬಸವಕಲ್ಯಾಣವನ್ನೂ ಸೇರಿಸಬಹುದಾ ಅಂತ ಯಾರಾದರೂ ಕೇಳುತ್ತಾರೆ, ಅದಕ್ಕೇ ಹೇಳುತ್ತೇನೆ: ಬೇಡ. ಅದು ಒಂದು ದಿನದ ಪ್ರವಾಸ, ಶಟಲ್ ಅಲ್ಲ.

ಈಗ ಮಾಡಬೇಕಾದ್ದು ಎಣಿಕೆ. ಏಳೂ ಲಾಡ್ಜಿನ ಕೌಂಟರಿನಲ್ಲಿ ಒಂದೊಂದು ನೋಟ್‌ಬುಕ್ ಇಡಿ. ಮೂರು ವಾರ, ದಿನವೂ. ಬಂದವರು ಎಷ್ಟು ಮಂದಿ, ಕಾರಿನಲ್ಲೋ ರೈಲಿನಲ್ಲೋ ಬಸ್ಸಿನಲ್ಲೋ, ನಾಳೆ ಎಲ್ಲಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಹೊರಡುತ್ತಾರೆ, ಎಷ್ಟು ಹೊತ್ತಿಗೆ ಮರಳಿದರು. ಹೊರಡುವಾಗ ಇನ್ನೊಂದು ಪ್ರಶ್ನೆ ಕೇಳಿ: ಅಷ್ಟೂರಿಗೆ ಹೋಗಲಿಲ್ಲವಾದರೆ ಯಾಕೆ? ಮೂರು ವಾರದಲ್ಲಿ ಒಂದು ಹಬ್ಬವೋ ಉದ್ದನೆಯ ರಜೆಯೋ ಬಂದರೆ ಆ ದಿನಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ, ಅದನ್ನು ಸಾಮಾನ್ಯ ದಿನದ ಜತೆ ಕೂಡಿಸಬೇಡಿ. ನೋಟ್‌ಬುಕ್ಕಿನ ಲೆಕ್ಕವನ್ನೂ ಆಟೋದಲ್ಲಿ ಕೂತು ಅಳೆದ ಮೂರು ಸುತ್ತಿನ ಸಮಯವನ್ನೂ ನನಗೆ ಕಳಿಸಿ. ಶೆಡ್ಯೂಲ್ ನಾನೇ ಹಾಕಿಕೊಡುತ್ತೇನೆ.